ಮಾಸ್ಕ್ ತೆಗೆಯಲ್ಲ!

"ನಿಮ್ಮನ್ನ ಬೇಡ ಅಂತ ನಾನು ಯಾವಾಗ ಹೇಳ್ದೆ? ಹೇಳ್ರೀ!"

ಸೈಕಲ್ ಅಂಗಡಿಯ ಬಾಗಿಲಿಗೇ ಅವಳ ಬ್ಯಾಟರಿ ಗಾಲಿಕುರ್ಚಿ ಅಡ್ಡ ನಿಂತಿತ್ತು. ಮೂಗಿನ ಮೇಲೆ ಮಾಸ್ಕ್. ಅದರ ಕೊಳವೆ ಕುರ್ಚಿಯ ಬೆನ್ನಿಗೆ ನೇತುಹಾಕಿದ ಉಸಿರಾಟದ ಯಂತ್ರಕ್ಕೆ ಸೇರಿತ್ತು. ಅಂಗಡಿಗೆ ಬಂದವರೆಲ್ಲ ಕಣ್ಣರಳಿಸಿ ನೋಡುತ್ತಿದ್ದರು.

ನೋಡಲಿ!

ಅಂಗಡಿಯವನು ಪಂಕ್ಚರ್ ಟ್ಯೂಬನ್ನು ಕೆಳಗಿಟ್ಟ.

"ಬಾಯಿಬಿಟ್ಟು ಬೇರೆ ಹೇಳ್ಬೇಕಿತ್ತಾ? ಮದುವೆ ವಿಷಯ ಮಾತಾಡೋಕೆ ಮನೆಗೆ ಬಂದ್ರೆ, ನೀವು ತೂಕಡಿಸ್ತಾ ಕೂತಿದ್ರಿ. ಇಷ್ಟ ಇಲ್ಲ ಅಂತ ಅರ್ಥ ಆಗಲ್ವಾ?"

ಅವಳಿಗೀಗ ಹೊಳೆಯಿತು. 'ಇದಕ್ಕಾ... ಇದಕ್ಕಾ ಫೋನ್ ಎತ್ತೋದು ನಿಲ್ಲಿಸಿದ್ದು!'

ಕುರ್ಚಿ ರಿಪೇರಿಯಿಂದ ಶುರುವಾದ ಮಾತು ಫೋನಿನಲ್ಲಿ ಬೆಳೆದು ಪ್ರೀತಿಯಾಗಿತ್ತು. ಅವಳ ಸ್ನಾಯುಗಳು ಚಿಕ್ಕಂದಿನಿಂದಲೂ ಒಂದೊಂದಾಗಿ ಸೋಲುತ್ತಿದ್ದವು. ಈಚೆಗೆ ಉಸಿರೆಳೆಯುವ ಶಕ್ತಿಯೂ ಕುಂದಿ, ಹಗಲಲ್ಲೂ ಯಂತ್ರ ಬೇಕಾಗಿತ್ತು. ಅದನ್ನು ಮಾತ್ರ ಅವನಿಗೆ ಹೇಳಿರಲಿಲ್ಲ.

ಅವನು ಬರುವ ದಿನ ಅತ್ತಿಗೆ, "ಈ ಸೊಂಡಿಲು ನೋಡಿದ್ರೆ ಯಾವ ಗಂಡು ಒಪ್ತಾನೆ? ಸ್ವಲ್ಪ ಹೊತ್ತು ತೆಗೆದಿಡೇ" ಎಂದಿದ್ದಳು. ಇವಳೂ ತಲೆಯಾಡಿಸಿದ್ದಳು. ಚೆನ್ನಾಗಿ ಕಾಣುವ ಆಸೆ ಯಾರಿಗಿಲ್ಲ?

"ಅದು ತೂಕಡಿಕೆ ಅಲ್ಲ! ಮಾಸ್ಕ್ ಇಲ್ದೆ ಕೂತ್ರೆ ಕೆಟ್ಟ ಗಾಳಿ ಒಳಗೇ ಉಳಿಯುತ್ತೆ. ತಲೆ ಭಾರ ಆಗಿ ಕಣ್ಣು ತಾನಾಗೇ ಮುಚ್ಕೊಳುತ್ತೆ. ನಿಮಗೆ ಚೆಂದ ಕಾಣ್ಲಿ ಅಂತ ತೆಗೆದಿಟ್ಟಿದ್ದೆ... ಪೆದ್ದಿ ನಾನು!"

ಅವನ ಮುಖ ಬಿಳಿಚಿಕೊಂಡಿತು. "ಅಂದ್ರೆ... ನನ್ನೆದುರಿಗೇ ನಿಮಗೆ ಉಸಿರಿಗೆ ಕಷ್ಟ ಆಗ್ತಿತ್ತು. ನಾನು ಮುನಿಸ್ಕೊಂಡು ಎದ್ದು ಬಂದ್ನಾ?"

ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೊಚಗುಟ್ಟಿದರು. "ಪಾಪ, ಈ ಸ್ಥಿತೀಲಿ ಮದುವೆ ಯಾಕಮ್ಮಾ ನಿನಗೆ?"

ಕುರ್ಚಿ ಗಿರ್ರನೆ ತಿರುಗಿತು.

"ಪಾಪ ಗೀಪ ಏನಿಲ್ಲ ಯಜಮಾನ್ರೇ! ಗಾಳೀನ ಯಂತ್ರ ಕೊಡುತ್ತೆ, ಪ್ರೀತಿ ನಾನೇ ಮಾಡ್ತೀನಿ. ನೀವೂ ಗಾಳಿ ಹಾಕಿಸ್ಕೊಳೋಕೇ ತಾನೇ ಇಲ್ಲಿಗೆ ಬಂದಿದ್ದು?"

ಯಜಮಾನರು ಬಗ್ಗಿ ತಮ್ಮ ಸೈಕಲ್ ಟೈರು ಒತ್ತಿ ನೋಡತೊಡಗಿದರು.

ಅವಳು ಮತ್ತೆ ಅವನ ಕಡೆ ತಿರುಗಿದಳು. ಕಣ್ಣು ತಗ್ಗಿಸಲಿಲ್ಲ.

"ಇನ್ಮೇಲೆ ಯಾರಿಗೋಸ್ಕರಾನೂ ಇದನ್ನ ತೆಗೆಯಲ್ಲ. ನಿಮಗೋಸ್ಕರಾನೂ! ಇದರ ಸಮೇತ ಬೇಕಾ ನಾನು? ಬೇಡ ಅಂದ್ರೆ ಈಗ್ಲೇ ಹೇಳಿ..."

ಅವನು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಮಾಸ್ಕಿನ ಅಂಚನ್ನೇ ದಿಟ್ಟಿಸಿದ.

"ಮಾಸ್ಕಿನ ಪಟ್ಟಿ ಒತ್ತಿ ಕೆನ್ನೆ ಕೆಂಪಾಗಿದೆ. ಸಡಿಲ ಮಾಡ್ಲಾ?"

"ಗಾಳಿ ಸೋರುತ್ತೆ."

"ಹಾಗಾದ್ರೆ ಎಷ್ಟು ಬಿಗೀಬೇಕು ಅಂತ ಕಲಿಸು. ದಿನಾ ನಾನೇ ಹಾಕ್ತೀನಿ... ಬದುಕಿರೋವರೆಗೂ."

ಅವಳ ಕಣ್ಣು ತುಂಬಿ ಬಂತು. ಆದರೂ ಗದರಿದಳು.

"ಮೊದ್ಲು ಆ ಗ್ರೀಸ್ ಕೈ ತೊಳ್ಕೊಂಡು ಬಾ... ಕಲಿಸ್ತೀನಿ."