ಅಲ್ಲಾಡಬೇಡ ಮಾಮನ ಫೋಟೊ

ಪಿಸು ಲೈಟು ಕಂಬದ ಹಿಂದೆ ಅಡಗಿ ನಿಂತಿದ್ದಳು. ಕಂಬ ಅವಳಿಗಿಂತ ಸಣಕಲು. ಒಂದು ಕಡೆ ಸ್ಕೂಲ್ ಬ್ಯಾಗು, ಇನ್ನೊಂದು ಕಡೆ ಮೊಣಕೈ ಹೊರಗೆ ಕಾಣುತ್ತಿದ್ದವು. ಆದರೆ ಮೂಗು ಮಾತ್ರ ಸರಿಯಾಗಿ ಕಂಬದ ಹಿಂದೆ ಇತ್ತು. ಮೂಗು ಕಾಣದಿದ್ದರೆ ತಾನೂ ಕಾಣುವುದಿಲ್ಲ ಎಂಬುದು ಅವಳ ಲೆಕ್ಕ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಲೆಕ್ಕವೂ ಇದೇ.

ಅವಳು ಅಮ್ಮನ ಫೋನನ್ನು ಮೆಲ್ಲಗೆ ಮೇಲೆತ್ತಿದಳು.

ಕ್ಲಿಕ್.

"ಖೊಳ್ ಖೊಳ್," ಎಂದು ಕೆಮ್ಮಿದಳು.

ಅವಳಿಗೆ ಕೆಮ್ಮೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಫೋನಿನ ಕ್ಲಿಕ್ ಸದ್ದನ್ನು ಆಫ್ ಮಾಡುವುದು ಹೇಗೆಂದು ಗೊತ್ತಿರಲಿಲ್ಲ, ಅಷ್ಟೇ. ಅದಕ್ಕೇ ಒಂದೊಂದು ಕ್ಲಿಕ್ಕಿಗೂ ಒಂದೊಂದು ಕೆಮ್ಮು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು, "ಬಿಸಿನೀರು ಕುಡಿ ಮಗು," ಎಂದು ಹೇಳಿಯೂ ಹೋದರು.

ಪಿಸು ಅವಳ ನಿಜವಾದ ಹೆಸರಲ್ಲ. ಮಾತಾಡಿದರೆ ಪಿಸುಪಿಸು ಎಂದಷ್ಟೇ ಕೇಳುತ್ತಿದ್ದುದರಿಂದ ಮನೆಯವರು ಹಾಗೆ ಕರೆಯುತ್ತಿದ್ದರು. ಹಾಜರಿ ಕರೆದಾಗ ಅವಳು ಹೇಳುವ "ಪ್ರೆಸೆಂಟ್" ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ. ಎಷ್ಟೋ ದಿನ ಅವಳು ಸ್ಕೂಲಿಗೆ ಹೋಗಿಯೂ ಆಬ್ಸೆಂಟ್ ಆಗಿದ್ದಳು.

ಆದರೆ ಫೋಟೊ ತೆಗೆಯುವುದರಲ್ಲಿ ಮಾತ್ರ ಪಿಸು ಎತ್ತಿದ ಕೈ. ಸ್ಕೂಲಿನ ವರಾಂಡದಲ್ಲಿ 'ನಮ್ಮ ಬೀದಿಯ ಕೆಲಸಗಾರರು' ಎಂಬ ಫೋಟೊ ಬೋರ್ಡು ಹಾಕುತ್ತಾರೆ ಎಂದಾಗ ಅವಳು ಎಲ್ಲರಿಗಿಂತ ಮೊದಲೇ ಮೂರು ಫೋಟೊ ಕೊಟ್ಟಿದ್ದಳು. ಟೈಲರ್ ಅಂಗಡಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಬೇಕರಿ ಮೆಟ್ಟಿಲಲ್ಲಿ ಮಲಗಿದ ಬೆಕ್ಕು, ಸೈಕಲ್ ಶಾಪಿನ ಮುಚ್ಚಿದ ಬಾಗಿಲು.

"ತುಂಬ ಚೆನ್ನಾಗಿವೆ," ಎಂದಿದ್ದರು ಟೀಚರ್. "ಆದರೆ ಕೆಲಸಗಾರರು ಎಲ್ಲಿ?"

"ಒಳಗಿದ್ದಾರೆ ಟೀಚರ್," ಎಂದು ಪಿಸು ಪಿಸುಗುಟ್ಟಿದ್ದಳು.

"ಒಳಗಿದ್ದರೆ ಆಗಲ್ಲಮ್ಮ. ಮುಖ ಕಾಣಬೇಕು. ಮತ್ತೆ ಅವರನ್ನ ಕೇಳಿ, ಅವರು ಹೂಂ ಅಂದರೇನೇ ಬೋರ್ಡಿಗೆ ಹಾಕೋದು. ನಾಳೆ ಕೊನೇ ದಿನ."

ಆ ಬೋರ್ಡಿನ ಮೇಲೆ ಪಿಸುವಿಗೆ ಪ್ರಾಣ. ಅಲ್ಲಿ ಪ್ರತಿ ಫೋಟೊದ ಕೆಳಗೆ ತೆಗೆದವರ ಹೆಸರು ಇರುತ್ತದೆ. ಬಾಯಿ ಬಿಡದೆಯೇ ಇಡೀ ಸ್ಕೂಲಿಗೆ 'ನಾನೂ ಇದ್ದೇನೆ' ಎಂದು ಹೇಳಿದ ಹಾಗೆ. ಆದರೆ ಅದಕ್ಕೆ ಮೊದಲು ಬಾಯಿ ಬಿಟ್ಟು ಯಾರನ್ನಾದರೂ ಕೇಳಬೇಕಲ್ಲ, ಅದೇ ಗ್ರಹಚಾರ.

ಮೊದಲು ಕದ್ದು ತೆಗೆಯೋಣ, ಆಮೇಲೆ ಹೇಗಾದರೂ ಕೇಳೋಣ ಎಂದು ಅವಳು ಕಟಿಂಗ್ ಶಾಪನ್ನು ಆರಿಸಿಕೊಂಡಿದ್ದಳು. ಆ ಶಾಪಿನ ಮಾಮನಿಗೆ ಮಕ್ಕಳೆಲ್ಲ ಹೆದರುತ್ತಿದ್ದರು. ದಪ್ಪ ಮೀಸೆ, ದೊಡ್ಡ ಹೊಟ್ಟೆ, ಗುಡುಗಿನಂಥ ದನಿ. ಕೂದಲು ಕತ್ತರಿಸುವಾಗ ಅವರು ಆಡುವ ಮಾತು ಒಂದೇ: "ಅಲ್ಲಾಡಬೇಡ!" ಅದಕ್ಕೇ ಅವರಿಗೆ ಅಲ್ಲಾಡಬೇಡ ಮಾಮ ಎಂದೇ ಹೆಸರು. ಆದರೂ ಪಿಸು ಅವರನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಇಡೀ ದಿನ ಬೀದಿಗೆ ಬೆನ್ನು ಹಾಕಿ ನಿಲ್ಲುವವರು ಅವರೊಬ್ಬರೇ. ಎದುರಿನ ದೊಡ್ಡ ಕನ್ನಡಿಯಲ್ಲಿ ಅವರ ಮುಖ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಮುಖವೂ ಸಿಗುತ್ತದೆ, ಅವರು ನೋಡುವುದೂ ಇಲ್ಲ.

ಅಂತೂ ಐದು ಕ್ಲಿಕ್, ಐದು ಕೆಮ್ಮು. ಕೇಳುವ ಹೊತ್ತಿಗೆ ಕಾಲು ಶಾಪಿನ ಕಡೆ ಹೋಗದೆ ಮನೆ ಕಡೆ ಓಡಿತು. ಮನೆ ಪಕ್ಕದ ತಿರುವಿನಲ್ಲೇ ಇತ್ತು.

ಅಜ್ಜಿ ಕನ್ನಡಕ ಹಾಕಿಕೊಂಡು ಫೋನ್ ಹಿಡಿದಳು.

"ಅಲ್ವೇ, ಈ ಮನುಷ್ಯ ನಿನ್ನನ್ನೇ ನೋಡ್ತಾ ಇದಾನಲ್ಲ?"

"ಇಲ್ಲ ಅಜ್ಜಿ, ಅವರ ಬೆನ್ನು ನನ್ನ ಕಡೆ ಇತ್ತು."

"ಬೆನ್ನು ನಿನ್ನ ಕಡೆ ಇತ್ತು, ಸರಿ. ಕನ್ನಡಿ ಯಾರ ಕಡೆ ಇತ್ತು?"

ಪಿಸು ಬಗ್ಗಿ ನೋಡಿದಳು. ಕನ್ನಡಿಯಲ್ಲಿ ತನಗೆ ಅವರು ಕಂಡರೆ ಅವರಿಗೂ ತಾನು ಕಾಣುತ್ತೇನೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಮೊದಲ ಫೋಟೊದಲ್ಲಿ ಮಾಮ ಕಣ್ಣರಳಿಸಿ ನೇರವಾಗಿ ಕಂಬವನ್ನೇ ನೋಡುತ್ತಿದ್ದರು.

"ಅಯ್ಯೋ, ಮಾನ ಹೋಯ್ತು."

"ಇರು ಇರು, ಮುಂದೆ ನೋಡು," ಎಂದಳು ಅಜ್ಜಿ.

ಎರಡನೆಯದರಲ್ಲಿ ಮಾಮ ತಲೆ ಬಾಚಿಕೊಂಡಿದ್ದರು. ಮೂರನೆಯದರಲ್ಲಿ ಮೀಸೆಯ ತುದಿ ಮೇಲಕ್ಕೆ ತಿರುಗಿತ್ತು. ನಾಲ್ಕನೆಯದರಲ್ಲಿ ಹೊಟ್ಟೆಯೇ ಇರಲಿಲ್ಲ. ಉಸಿರು ಬಿಗಿಹಿಡಿದು ಒಳಗೆ ಎಳೆದುಕೊಂಡಿದ್ದರು. ಐದನೆಯದರಲ್ಲಿ ಒಗೆದ ಏಪ್ರನ್ ಹಾಕಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಸೂರು ನೋಡುತ್ತಿದ್ದರು. ಐದರಲ್ಲೂ ಕುರ್ಚಿಯಲ್ಲಿ ಅದೇ ಗಿರಾಕಿ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದರು.

ಅಜ್ಜಿ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡಳು. "ಹೋಗಿ ಕೇಳು. ಬೇಡ ಅನ್ನಲ್ಲ ಈ ಮನುಷ್ಯ."

"ನನ್ನ ಕೈಲಿ ಆಗಲ್ಲ ಅಜ್ಜಿ."

"ಹಾಗಾದರೆ ನಾನೇ ಬಂದು ಕೇಳ್ತೀನಿ. ನನ್ನ ಚಪ್ಪಲಿ ಎಲ್ಲಿ?"

ಅಜ್ಜಿ ಮನೆಯಲ್ಲಿ ಮಾತಾಡಿದರೆ ಬಸ್ ಸ್ಟಾಪಿಗೆ ಕೇಳುತ್ತದೆ. ಬೀದಿಯಲ್ಲಿ ನಿಂತು ಮಾತಾಡಿದರೆ ಗತಿಯೇನು? ಅಜ್ಜಿಗೆ ಎರಡನೇ ಚಪ್ಪಲಿ ಸಿಗುವ ಮೊದಲೇ ಪಿಸು ಓಡಿದಳು.

ಕಟಿಂಗ್ ಶಾಪಿನ ಬಾಗಿಲಲ್ಲಿ ಬಂದು ನಿಂತಳು.

"ಏನು?" ಎಂದು ಗುಡುಗಿದರು ಮಾಮ. ಅವರು ತಿರುಗಲಿಲ್ಲ. ಕನ್ನಡಿಯಲ್ಲೇ ನೋಡುತ್ತಿದ್ದರು.

ಪಿಸು ಒಂದು ಹೆಜ್ಜೆ ಹಿಂದೆ ಸರಿದಳು. ಆಗ ಅದೇ ಕನ್ನಡಿಯಿಂದ ಇನ್ನೊಂದು ಮಾತು ಬಂತು, ಈ ಸಲ ಸಣ್ಣ ದನಿಯಲ್ಲಿ.

"ಕೆಮ್ಮು ಕಡಿಮೆ ಆಯ್ತಾ?"

ಪಿಸುವೂ ಕನ್ನಡಿಯನ್ನೇ ನೋಡಿದಳು. ಕನ್ನಡಿಯಲ್ಲಿರುವ ಮಾಮನ ಜೊತೆ ಮಾತಾಡುವುದು ಸ್ವಲ್ಪ ಸುಲಭ ಎನಿಸಿತು.

"ಮಾಮ... ಒಂದು ಫೋಟೊ. ಸ್ಕೂಲ್ ಬೋರ್ಡಿಗೆ. ನಿಮ್ಮದು. ತೆಗೀಲಾ?"

"ನನ್ನದಾ?" ಮಾಮನ ಕಿವಿ ಕೆಂಪಾಯಿತು. "ಬೋರ್ಡಿಗಾ? ಎಲ್ಲಾರೂ ನೋಡ್ತಾರಾ?"

"ಹೂಂ ಅಂದುಬಿಡಪ್ಪ," ಎಂದರು ಗಿರಾಕಿ. "ನೊರೆ ಒಣಗಿ ಸುಣ್ಣ ಆಗಿದೆ ನನಗೆ. ನೀನು ಮೀಸೆ ತಿರುವಿದ್ದು ಸಾಕು."

"ಹೂಂ," ಎಂದರು ಮಾಮ. ಆ ಹೂಂ ಎಷ್ಟು ಮೆಲ್ಲಗಿತ್ತು ಎಂದರೆ ಪಿಸುವಿಗೆ ತನ್ನದೇ ದನಿ ಕೇಳಿದ ಹಾಗಾಯಿತು.

"ಫೋಟೊದಲ್ಲಿ ನೀವೂ ಬರ್ತೀರಿ, ಪರವಾಗಿಲ್ವಾ?" ಎಂದು ಅವಳು ಗಿರಾಕಿಯನ್ನೂ ಕೇಳಿದಳು.

"ನೊರೆ ಇದೆಯಲ್ಲ, ನಮ್ಮ ಮನೆಯವರಿಗೂ ಗುರುತು ಸಿಗಲ್ಲ. ತೆಗಿ."

ಮಾಮ ಪಿಸುವಿನ ಕಡೆ ತಿರುಗಿ ನಿಂತರು. ತಿರುಗಿದ್ದೇ ತಡ, ಮರದ ಬೊಂಬೆ ಆದರು. ಕಣ್ಣು ಮಿಟುಕಿಸಲಿಲ್ಲ, ಉಸಿರಾಡಿದಂತೆಯೂ ಕಾಣಲಿಲ್ಲ. ಪಾಪ, ಎಂದುಕೊಂಡಳು ಪಿಸು. ಇಷ್ಟು ದೊಡ್ಡವರಿಗೂ ಹೀಗಾಗುತ್ತದೆಯೇ?

"ಮಾಮ, ಕನ್ನಡಿ ಕಡೆಗೇ ತಿರುಗಿ. ನಾನೂ ಅಲ್ಲೇ ನೋಡ್ತೀನಿ."

ಮಾಮನಿಗೆ ಜೀವ ಬಂತು. ಜೀವ ಜಾಸ್ತಿಯೇ ಬಂತು. ಬಾಚಣಿಗೆ ಹಿಡಿದರು, ಇಟ್ಟರು. ಮೀಸೆ ಮುಟ್ಟಿಕೊಂಡರು. ಏಪ್ರನ್ ಎಳೆದರು. ಮತ್ತೆ ಬಾಚಣಿಗೆ ಹಿಡಿದರು. ಫೋನಿನಲ್ಲಿ ಎಲ್ಲವೂ ಮಸುಕು ಮಸುಕು.

ಪಿಸುವಿಗೆ ತಡೆಯಲಾಗಲಿಲ್ಲ.

"ಅಲ್ಲಾಡಬೇಡಿ!"

ಅಷ್ಟು ಜೋರು ದನಿ ತನ್ನೊಳಗೆ ಎಲ್ಲಿತ್ತೋ ಅವಳಿಗೇ ಗೊತ್ತಿಲ್ಲ. ಗಿರಾಕಿ ಎಂಥ ನಗು ನಕ್ಕರೆಂದರೆ ಒಣಗಿದ ನೊರೆ ಚಕ್ಕೆ ಚಕ್ಕೆಯಾಗಿ ಉದುರಿತು. ಮಾಮನೂ ಒಳಗೆಳೆದಿದ್ದ ಹೊಟ್ಟೆಯನ್ನು ಸಡಿಲ ಬಿಟ್ಟು ನಕ್ಕರು.

ಕ್ಲಿಕ್.

ಈ ಸಲ ಪಿಸು ಕೆಮ್ಮಲಿಲ್ಲ.

ಸ್ಕೂಲಿನಲ್ಲಿ ಬೋರ್ಡು ಹಾಕಿದ ದಿನ ಬೀದಿಯವರೆಲ್ಲ ನೋಡಲು ಬಂದರು. ಟೈಲರ್ ತಮ್ಮ ಫೋಟೊ ಮುಂದೆ ನಿಂತು ಮಕ್ಕಳಿಂದ ಇನ್ನೊಂದು ಫೋಟೊ ತೆಗೆಸಿಕೊಂಡರು. ಪಿಸುವಿನ ಫೋಟೊ ನಡುಸಾಲಿನಲ್ಲಿತ್ತು. ನಗುವ ಮಾಮ, ನೊರೆಯ ಗಿರಾಕಿ, ಕನ್ನಡಿಯ ಮೂಲೆಯಲ್ಲಿ ಫೋನ್ ಹಿಡಿದ ಅವಳೂ ಇದ್ದಳು. ಕೆಳಗೆ ಅವಳ ಹೆಸರು. "ಇದು ನೀನು ತೆಗೆದಿದ್ದಾ?" ಎಂದು ಇಬ್ಬರು ಕೇಳಿದ್ದರು. ಹೂಂ ಎಂದದ್ದು ಅವರಿಗೆ ಕೇಳಿಸಿಯೂ ಇತ್ತು.

ಆದರೆ ಅಲ್ಲಾಡಬೇಡ ಮಾಮ ಬಂದಿರಲಿಲ್ಲ. ಪಿಸುವಿಗೆ ಬೇಜಾರಾಯಿತು. ಬೋರ್ಡಿನ ಗಾಜಿನ ಮುಂದೆ ನಿಂತು ಇನ್ನೊಮ್ಮೆ ನೋಡಿದಳು.

ಗಾಜಿನಲ್ಲಿ ಅವಳ ಹಿಂದಿನ ವರಾಂಡ ಕಾಣುತ್ತಿತ್ತು. ವರಾಂಡದ ಕೊನೆಯಲ್ಲಿ ಒಂದು ಕಂಬ. ಕಂಬದ ಒಂದು ಕಡೆ ಅರ್ಧ ಹೊಟ್ಟೆ, ಇನ್ನೊಂದು ಕಡೆ ಮೀಸೆಯ ತುದಿ. ಮೂಗು ಮಾತ್ರ ಕಾಣುತ್ತಿರಲಿಲ್ಲ.

ಪಿಸು ಓಡಿ ಹೋಗಿ ಕೈ ಹಿಡಿದು ಕರೆದುಕೊಂಡು ಬರೋಣ ಎಂದು ತಿರುಗಲು ಹೊರಟವಳು ನಿಂತಳು. ಕಂಬದ ಹಿಂದೆ ನಿಂತಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ತಿರುಗಲಿಲ್ಲ. ಗಾಜನ್ನೇ ನೋಡುತ್ತ, ಕಂಬದವರೆಗೆ ಕೇಳುವಷ್ಟು ದನಿಯಲ್ಲಿ ಹೇಳಿದಳು.

"ಮೀಸೆ ತುಂಬ ಚೆನ್ನಾಗಿ ಬಂದಿದೆ."

ಕಂಬದ ಹಿಂದಿನಿಂದ, "ಖೊಳ್ ಖೊಳ್," ಎಂದು ಕೇಳಿಸಿತು.

ಅದು ಕೆಮ್ಮಲ್ಲ ಎಂದು ಇಡೀ ಸ್ಕೂಲಿನಲ್ಲಿ ಪಿಸುವಿಗೆ ಮಾತ್ರ ಗೊತ್ತಾಯಿತು.