ಎರಡು ಗುಂಡಿಯ ಕಂಬಳಿ ಪಟ್ಟಿ

ಗುಂಡಿ ಎರಡು, ಒಂದು ರೂಪಾಯಿ. ಕಪ್ಪು ದಾರದ ಉಂಡೆ, ಎರಡು ರೂಪಾಯಿ. ಅಪ್ಪ ನೇಯ್ದ ಕಂಬಳಿಯ ಅಂಚಿನಲ್ಲಿ ಉಳಿದ ತುಂಡಿಗೆ ದುಡ್ಡಿಲ್ಲ. ಉಣ್ಣೆ ಚುಚ್ಚಬಾರದೆಂದು ಒಳಗೆ ಹೊಲಿದ ಅವ್ವನ ಹಳೇ ಸೀರೆಗೂ ದುಡ್ಡಿಲ್ಲ. ಒಟ್ಟು ಮೂರು ರೂಪಾಯಿ.

ಕೊಟ್ಟೂರಿನ ಅಂಗಡಿಯಲ್ಲಿ ಮಿಲ್ಲಿನ ಮಫ್ಲರ್ ಕೇಳಿದರೆ ನಲವತ್ತೈದು. ಹೊನ್ನೂರಮ್ಮನಿಗೆ ಅದು ಎರಡು ದಿನದ ಕೂಲಿ.

ಮೂರು ರೂಪಾಯಿಯ ಆ ಕೊರಳಪಟ್ಟಿ ಒಬ್ಬನ ಗಂಟಲು ಕಾಯಬೇಕಿತ್ತು... ಕಾಯುತ್ತಲೂ ಇತ್ತು. ಹೊನ್ನೂರಮ್ಮನೇ ಅದನ್ನು ಕಿತ್ತುಕೊಂಡಳು!

ತೊಂಬತ್ತೇಳನೇ ಇಸವಿ. ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ಕೊಟ್ಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ಎಲ್ಲಿ ನೋಡಿದರೂ ಶೇಂಗಾ ರಾಶಿ. ಹೊನ್ನೂರಮ್ಮ ಅಲ್ಲಿ ಸಾಣಿಗೆ ಹಿಡಿದು ಹೊಟ್ಟು, ಮಣ್ಣು ಬೇರೆ ಮಾಡುವ ಕೂಲಿಗೆ ಹೋಗುತ್ತಿದ್ದಳು.

ಆ ಬೆಳಿಗ್ಗೆ ದಲಾಲಿ ಶಿವಯೋಗಪ್ಪನವರ ಅಂಗಡಿ ಮುಂದೆ ಸವಾಲು, ಅಂದರೆ ಹರಾಜು, ಶುರುವಾಗಿತ್ತು. ರಾಶಿಯ ಪಕ್ಕ ನಿಂತು ರೇಟು ಕೂಗುವವನು ಹೊಸಬ. ಹೆಸರು ಹುಲುಗೇಶ. ಖರೀದಿದಾರರು ಬೆರಳೆತ್ತಿದಂತೆ ಇವನು ರೇಟು ಏರಿಸಿ ಕೂಗಬೇಕು. ಯಾರ್ಡಿನ ಆ ತುದಿಯವರೆಗೂ ಕೇಳುವ ದನಿ ಅವನದು.

"ಸಾವಿರದ ನೂರಾ ಹತ್ತು, ಒಂದು ಸಲ! ಸಾವಿರದ ನೂರಾ ಇಪ್ಪ..."

ದನಿ ಅಲ್ಲೇ ಒಡೆಯಿತು. ಹುಂಜದ ಮರಿ ಕೂಗಿದಂತಾಯಿತು. ಖರೀದಿದಾರರೆಲ್ಲ ಗೊಳ್ಳೆಂದು ನಕ್ಕರು.

ಹೊನ್ನೂರಮ್ಮನೂ ನಕ್ಕಳು. ಅವನು ಸರಕ್ಕನೆ ತಿರುಗಿ ಅವಳನ್ನೇ ನೋಡಿದ!

ಸವಾಲು ಮುಗಿದ ಮೇಲೆ ನೇರವಾಗಿ ಅವಳ ಮುಂದೆ ಬಂದು ನಿಂತ.

"ಏನು ಬಾಳ ನಗು ಬಂತಲ್ಲ ನಿನಗ?"

ಹೊನ್ನೂರಮ್ಮನ ಬಾಯಿ ಸುಮ್ಮನಿರಲಿಲ್ಲ.

"ನಗದ ಅಳಬೇಕೇನ್ರಿ? ಎಲ್ಲಿಂದ ಬರ್ತೀರಿ ಸೈಕಲ್ ಮ್ಯಾಲ?"

"ಚಿಗಟೇರಿ ಕಡಿಯಿಂದ. ಹದಿನಾಕು ಕಿಲೋಮೀಟರು. ಯಾಕ?"

"ಕಿವಿಗೆ ಟವೆಲ್ ಸುತ್ತಿಗೊಂಡು ಕುತಿಗಿ ಬಿಟ್ಗೊಂಡು ಬರ್ತೀರಿ. ಗಾಳಿ ಕಿವಿಗೆ ಬಡಿದ್ರ ತಲಿನೋವು, ಕುತಿಗಿಗೆ ಬಡಿದ್ರ ದನಿ ಹೋಗ್ತೈತಿ. ಕೂಗಿ ಉಣ್ಣೋರು ನೀವು... ಕಾಯಬೇಕಾದ್ದು ಯಾವುದು?"

ಚಳಿಯಲ್ಲಿ ಸೈಕಲ್ ತುಳಿದವರಿಗೆ ಈ ಮಾತು ಗೊತ್ತು. ತುಳಿದಷ್ಟೂ ಕಾಲು ಬಿಸಿಯಾಗುತ್ತದೆ, ಎದೆ ಬಿಸಿಯಾಗುತ್ತದೆ. ಅಂಗಿಯ ಮೇಲಿನ ಗುಂಡಿಗೂ ಗದ್ದಕ್ಕೂ ನಡುವೆ ನಾಲ್ಕು ಬೆರಳು ಜಾಗವಿರುತ್ತದೆ ನೋಡಿ, ಗಾಳಿ ನುಗ್ಗುವುದು ಅಲ್ಲೇ.

ಹುಲುಗೇಶನ ಕೈ ತಾನಾಗಿ ಕೊರಳಿಗೆ ಹೋಯಿತು.

ಪಕ್ಕದಲ್ಲಿ ಸಾಣಿಗೆ ಹಿಡಿದಿದ್ದ ನಾಗಕ್ಕ ಬಾಯಿ ಹಾಕಿದಳು. ವಯಸ್ಸಾದ ಹೆಂಗಸು, ಮಾತು ಜಾಸ್ತಿ.

"ಅಷ್ಟು ಕಾಳಜಿ ಇದ್ರ ನೀನ ಒಂದು ಹೊಲಕೊಡಲೇ ಹೊನ್ನೂರಿ. ನಿಮ್ಮಪ್ಪ ಕಂಬಳಿ ನೇಯೋ ಮನಷಾ ಅಲ್ಲೇನು?"

ಹೆಂಗಸರೆಲ್ಲ ನಕ್ಕರು. ಹೊನ್ನೂರಮ್ಮ ಮುಖ ಕೆಂಪಗೆ ಮಾಡಿಕೊಂಡೇ ಚೀಲ ಹೊಲಿಯುವ ಹುರಿಯ ತುಂಡೊಂದನ್ನು ಅವನತ್ತ ಎಸೆದಳು.

"ಅಳತಿ ಕೊಡ್ರಿ."

ಅವನು ಹುರಿಯನ್ನು ಕೊರಳಿಗೆ ಸುತ್ತಿ, ಗಂಟು ಹಾಕಿ, ವಾಪಸ್ಸು ಅವಳ ಅಂಗೈಯಲ್ಲಿಟ್ಟ. ಹುರಿ ಇನ್ನೂ ಬೆಚ್ಚಗಿತ್ತು...

ಎರಡು ದಿನದಲ್ಲಿ ಪಟ್ಟಿ ಆಯಿತು. ಹೊನ್ನೂರಮ್ಮ ಅದನ್ನು ಅವನ ಮುಂದೆ ಹಿಡಿದಳು.

"ಉದ್ದ ಮಾಡಿಲ್ರಿ. ಜೋತಾಡಿದ್ರ ಚೈನಿಗೆ ಸಿಕ್ಕು ಬೀಳ್ತೀರಿ. ಎರಡು ಗುಂಡಿ ಹಾಕಿದ್ರ ಮುಗೀತು."

"ಇದರ ಸವಾಲು ಎಷ್ಟರಿಂದ ಶುರು?" ಅವನ ಕಣ್ಣು ನಗುತ್ತಿದ್ದವು.

"ಇದು ಸವಾಲಿಗೆ ಇಟ್ಟದ್ದಲ್ರಿ," ಎಂದಳು ಹೊನ್ನೂರಮ್ಮ ಮೆಲ್ಲಗೆ.

ಅವನ ನಗು ನಿಂತಿತು. ಪಟ್ಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡ.

ಮುಂದಿನ ಮೂರು ವಾರ ಅವನ ದನಿ ಗಂಟೆ ಹೊಡೆದಂತಿತ್ತು. "ಮೂರು ಸಲ!" ಎಂದು ಮುಗಿಸುವಾಗ ಒಮ್ಮೆ ಅವಳ ಕಡೆ ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಹೊನ್ನೂರಮ್ಮ ಇಡೀ ದಿನ ಧೂಳು ಕುಡಿಯುತ್ತಿದ್ದಳು.

ಆದರೆ ಒಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಅವನ ಕೊರಳಲ್ಲಿ ಆ ಪಟ್ಟಿಯನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಬೆಳಿಗ್ಗೆ ಗೇಟಿನೊಳಗೆ ಬರುವಾಗ ಕೊರಳು ಬರಿದು. ಸಂಜೆ ಹೋಗುವಾಗಲೂ ಬರಿದು.

ಇದನ್ನು ಅವಳಿಗಿಂತ ಮೊದಲು ನಾಗಕ್ಕ ಬಾಯಿಬಿಟ್ಟು ಅಂದಳು.

"ಲೇ ಹೊನ್ನೂರಿ, ಸಾಹುಕಾರ್ರ ನಡುವ ನಿಂದರೋ ಮನಷಾ ಅವ. ಕಂಬಳಿ ತುಂಡು ಕಟ್ಕೊಂಡು ನಿಂದರ್ತಾನೇನು? ನಿನ್ನ ಮನಸಿಗೆ ಅಂತ ಇಸ್ಕೊಂಡಾನ, ಅಷ್ಟ."

'ಇಲ್ಲ, ಹಾಗಿರಲಿಕ್ಕಿಲ್ಲ...' ಎಂದುಕೊಂಡಳು. ಎರಡು ದಿನ ಅಂದುಕೊಂಡಳು. ಮೂರನೆಯ ದಿನ ಬಾದಾಮಿ ಬಣ್ಣದ ಮಿಲ್ ಮಫ್ಲರ್ ಸುತ್ತಿಕೊಂಡಿದ್ದ ಖರೀದಿದಾರನೊಬ್ಬನ ಜೊತೆ ಹುಲುಗೇಶ ನಗುತ್ತ ನಿಂತಿದ್ದ. ಅವನ ಬರಿಗೊರಳು ನೋಡಿದ್ದೇ ಹೊನ್ನೂರಮ್ಮನಿಗೆ ತಡೆಯಲಾಗಲಿಲ್ಲ. ಸಾಣಿಗೆ ಒಗೆದು ಹೋಗಿ ಎದುರು ನಿಂತಳು.

"ನಮ್ಮ ಪಟ್ಟಿ ಕೊಡ್ರಿ."

"ಯಾಕ? ಏನಾತು?"

"ನಾಚಿಕಿ ಬರೋ ವಸ್ತು ಯಾಕ ಇಟ್ಕೊಂತೀರಿ? ಕೊಡ್ರಿ ಅಂದೆ!"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಹುಲುಗೇಶನ ಮುಖ ಬಿಳಿಚಿಕೊಂಡಿತು.

"ಹೊನ್ನೂರಿ, ಅದು..."

"ಏ ಹುಲುಗೇಶಾ! ರಾಶಿ ಕಾಯ್ತೈತಿ, ಬಾರೋ!" ಶಿವಯೋಗಪ್ಪನವರು ಅಂಗಡಿಯಿಂದ ಕೂಗಿದರು.

ಅವನು ಒಳಗೆ ಹೋಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಚೀಲದಿಂದ ಪೇಪರಿನಲ್ಲಿ ಸುತ್ತಿದ ಪಟ್ಟಿ ತಂದು ಅವಳ ಕೈಗಿಟ್ಟ. ಕೊಟ್ಟು ರಾಶಿಯ ಕಡೆ ನಡೆದ.

ಮನೆಗೆ ಹೋಗಿ ಪೇಪರ್ ಬಿಚ್ಚಿದಳು. ಪಟ್ಟಿ ಹೊಲಿದುಕೊಟ್ಟ ದಿನದಂತೆಯೇ ಕಂಡಿತು. ಒಂದು ಹೊಟ್ಟಿನ ಚೂರೂ ಇರಲಿಲ್ಲ!

'ಒಂದು ದಿನಾನೂ ಹಾಕ್ಕೊಂಡಿಲ್ಲ...'

ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಟ್ಟಿ ಟ್ರಂಕಿನ ತಳ ಸೇರಿತು.

ಆಮೇಲೆ ಚಳಿ ಇನ್ನೂ ಜೋರಾಯಿತು. ಹುಲುಗೇಶ ನಲವತ್ತೈದು ಕೊಟ್ಟು ಮಫ್ಲರ್ ತಗೋಬಹುದಿತ್ತು. ತಗೊಳ್ಳಲಿಲ್ಲ. ಮನಸ್ಸು ಮುರಿದವರು ತಮ್ಮ ಮೈಯ ಮೇಲೇ ಸಿಟ್ಟು ತೀರಿಸಿಕೊಳ್ಳುತ್ತಾರೆ. ಬುದ್ಧಿ ಹೇಳಿದರೆ ಆಗ ಕೇಳುವುದೂ ಇಲ್ಲ. ದಿನಾ ಹದಿನಾಲ್ಕು ಕಿಲೋಮೀಟರು ಬರಿಗೊರಳಲ್ಲಿ ಬಂದ. ಬಾತ ಗಂಟಲಲ್ಲೇ ದಿನಾ ಕೂಗಿದ. ದನಿ ಮೊದಲು ಒರಟಾಯಿತು, ಆಮೇಲೆ ಒಡಕಾಯಿತು. ಹೊನ್ನೂರಮ್ಮನಿಗೆ ಅದು ಕೇಳುತ್ತಿತ್ತು. ಕೇಳದವಳಂತೆ ಸಾಣಿಗೆ ಜೋರಾಗಿ ಅಲ್ಲಾಡಿಸುತ್ತಿದ್ದಳು.

ಸಂಕ್ರಾಂತಿಯ ಮರುದಿನ ಟ್ರಂಕಿನಿಂದ ಪಟ್ಟಿ ತೆಗೆದು ತನ್ನ ಕೊರಳಿಗೇ ಕಟ್ಟಿಕೊಂಡಳು. 'ನೋಡಲಿ! ನನಗೇನೂ ನಾಚಿಕಿ ಇಲ್ಲ ಅಂತ ನೋಡಲಿ!'

ಅವನು ನೋಡಿದ.

"ಸಾವಿರದ ನೂರಾ ಅರವತ್ತು, ಎರಡು ಸ..."

ಬಾಯಿ ತೆರೆದೇ ಇತ್ತು. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಬರೀ ಗಾಳಿ ಬಂತು. ಈ ಸಲ ಯಾರೂ ನಗಲಿಲ್ಲ. ಹುಲುಗೇಶ ಕೊರಳು ಹಿಡಿದುಕೊಂಡು, ಸೈಕಲ್ ತಳ್ಳಿಕೊಂಡು, ಗೇಟು ದಾಟಿ ಹೋದ.

ಹೊನ್ನೂರಮ್ಮ ಸಂಜೆಯವರೆಗೂ ಕಲ್ಲಿನಂತೆ ಕೆಲಸ ಮಾಡಿದಳು. ಮನೆಗೆ ಬಂದು ಪಟ್ಟಿ ಬಿಚ್ಚಿದರೆ ಕೊರಳು ಉರಿಯುತ್ತಿತ್ತು! ಕನ್ನಡಿಯಲ್ಲಿ ನೋಡಿದಳು. ಕೆಂಪು ಗೆರೆ ಗೆರೆ. ಪಟ್ಟಿಯ ಅಂಚಿನ ಉಣ್ಣೆಯಲ್ಲಿ ಶೇಂಗಾದ ಹೊಟ್ಟು, ಧೂಳು ಹತ್ತಿಕೊಂಡು ಮುಳ್ಳಾಗಿದ್ದವು. ಕೊಡವಿದರೂ ಬೀಳಲಿಲ್ಲ. ಕೆಮ್ಮು ಬೇರೆ ಹತ್ತಿತು.

ದೀಪದ ಹತ್ತಿರ ಹಿಡಿದು ಒಂದೊಂದೇ ಚೂರು ಕೀಳತೊಡಗಿದಳು. ಕೀಳುತ್ತ ಎರಡನೆಯ ಗುಂಡಿಗೆ ಬಂದಾಗ ಕೈ ನಿಂತಿತು.

ಅವಳು ಹಾಕಿದ್ದು ಕಪ್ಪು ದಾರ. ಇದು ಕಪ್ಪು ದಾರವಲ್ಲ... ಚೀಲ ಹೊಲಿಯುವ ಹುರಿಯ ಎಳೆ!

ಗುಂಡಿ ಒಮ್ಮೆ ಕಿತ್ತುಬಂದಿತ್ತು. ಯಾರೋ ಗಂಡಸು ಸೊಟ್ಟಸೊಟ್ಟಗೆ ಮತ್ತೆ ಹೊಲಿದಿದ್ದ. ದಿನಾ ಹಾಕಿ ಬಿಚ್ಚಿದರೆ ಮಾತ್ರ ಗುಂಡಿ ಕಿತ್ತುಬರುತ್ತದೆ.

ದಾರಿಯುದ್ದಕ್ಕೂ ಹಾಕಿಕೊಂಡು ಬಂದಿದ್ದಾನೆ. ಗೇಟಿನ ಆಚೆಗೇ ಬಿಚ್ಚಿದ್ದಾನೆ. ಹೊಟ್ಟು ಹತ್ತಬಾರದೆಂದು ಪೇಪರಿನಲ್ಲಿ ಸುತ್ತಿ ಇಟ್ಟಿದ್ದಾನೆ.

'ಅಯ್ಯೋ... ದಿನಾ ಹೊಟ್ಟಿನಾಗ ಕೂಡೋ ನನಗ ಇದು ಹೊಳೀಲಿಲ್ಲಲ್ಲ!'

ಮರುದಿನ ಹುಲುಗೇಶ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಂಟನೆಯ ದಿನ ಬೇರೆ ಯಾರೋ ಸವಾಲು ಕೂಗುತ್ತಿದ್ದರು. ಹೊನ್ನೂರಮ್ಮ ಅಂಗಡಿ ಮೆಟ್ಟಿಲ ಹತ್ತಿರ ಹೋಗಿ ನಿಂತಳು.

"ಯಜಮಾನ್ರೇ, ಅವರು ಯಾಕ ಬಂದಿಲ್ರಿ?"

ಶಿವಯೋಗಪ್ಪನವರು ಕನ್ನಡಕ ತೆಗೆದರು. "ಬಳ್ಳಾರಿ ಡಾಕ್ಟರಿಗೆ ತೋರಿಸ್ಯಾನವ್ವ. ಬಾತ ಗಂಟಲಾಗ ಕೂಗಿ ಕೂಗಿ ದನಿ ಹೊರಡೋ ಕಡಿ ಗಂಟಾಗ್ಯಾವಂತ. ಮಾತು ಬರಬಹುದು, ಕೂಗು ಇನ್ನ ಬರೂದಿಲ್ಲ ಅಂದಾರ. ನಾನಾದ್ರೂ ಏನು ಮಾಡ್ಲಿ? ಕೂಗದ ಸವಾಲು ಆಗೂದಿಲ್ಲಲ್ಲ."

ಹೊನ್ನೂರಮ್ಮ ಅವನ ಮನೆಯ ದಾರಿ ಕೇಳಿಕೊಂಡಳು.

ಮರುದಿನ ನಸುಕಿಗೇ ಬಾಡಿಗೆ ಸೈಕಲ್ ತೆಗೆದುಕೊಂಡಳು. ಗಂಟೆಗೆ ಎರಡು ರೂಪಾಯಿ. ಸಣ್ಣವಳಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಕಲಿತಿದ್ದಳು. ಪಟ್ಟಿಯನ್ನು ಹೊಟ್ಟೆಲ್ಲ ಕಿತ್ತು, ತೊಳೆದು, ಒಣಗಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬೇಕೆಂದೇ ಕೊರಳಿಗೆ ಹಾಕಿಕೊಳ್ಳಲಿಲ್ಲ. ಅವನು ಅಷ್ಟು ದಿನ ತಿಂದ ಗಾಳಿ ತನಗೂ ಗೊತ್ತಾಗಲಿ ಎಂದು.

ನಾಲ್ಕು ಕಿಲೋಮೀಟರಿಗೆ ಗಂಟಲಿಗೆ ಮುಳ್ಳು ಸಿಕ್ಕಿದಂತಾಯಿತು. ಎಂಟಕ್ಕೆ ಉಗುಳು ನುಂಗಲಾಗಲಿಲ್ಲ. ಆಗ ಇಳಿದು, ಬೇವಿನ ಮರದ ಕೆಳಗೆ ನಿಂತು, ಪಟ್ಟಿ ಕಟ್ಟಿಕೊಂಡು ಗಳಗಳನೆ ಅತ್ತಳು. ಅತ್ತು ಮತ್ತೆ ತುಳಿದಳು.

ಅವನ ಮನೆಯ ಬಾಗಿಲಲ್ಲಿ ಅವನ ತಾಯಿ ಅಂಜಿನಕ್ಕ ಕಸ ಹೊಡೆಯುತ್ತಿದ್ದಳು. ಹೆಸರು ಕೇಳಿದ್ದೇ ಕಸಬರಿಗೆ ನಿಂತಿತು.

"ಓಹೋ, ನೀನ ಏನವ್ವಾ ಹೊನ್ನೂರಿ? ಇನ್ನೇನು ವಾಪಸ್ ಇಸ್ಕೊಂಡು ಹೋಗಾಕ ಬಂದೀ?"

"ಇಸ್ಕೊಳ್ಳಾಕ ಅಲ್ಲ ಯಮ್ಮಾ... ಕೊಡಾಕ ಬಂದೀನಿ."

ಅಂಜಿನಕ್ಕ ಅವಳ ಕೆಂಪು ಕಣ್ಣು, ಕೊರಳ ಪಟ್ಟಿ ನೋಡಿದಳು. ಕಸಬರಿಗೆ ಬದಿಗಿಟ್ಟು ದಾರಿ ಬಿಟ್ಟಳು.

ಹುಲುಗೇಶ ಪಡಸಾಲೆಯಲ್ಲಿ ಕುಳಿತಿದ್ದ. ಮೈ ಇಳಿದುಹೋಗಿತ್ತು. ಅವಳನ್ನು ಕಂಡು ಎದ್ದು ನಿಂತ.

"ಎರಡು ತಿಂಗಳು ಮಾತಾಡಬಾರದು ಅಂದಾರ," ಹಿಂದಿನಿಂದ ತಾಯಿ ಹೇಳಿದಳು.

ಹೊನ್ನೂರಮ್ಮನಿಗೆ ದುಃಖ ಒತ್ತರಿಸಿ ಬಂತು.

"ಗುಂಡಿ ನೋಡಿದೆ. ಹುರಿ ನೋಡಿದೆ. ಎಲ್ಲಾ ತಿಳೀತು... ಆವತ್ತು ನಾ ಹಂಗ ಕೇಳಿದಾಗ ಯಾಕ ಹೇಳಲಿಲ್ರಿ? ಒಂದು ಮಾತು ಯಾಕ ಹೇಳಲಿಲ್ಲ?"

ಅವನು ಡಾಕ್ಟರ್ ಚೀಟಿ ತೆಗೆದು, ಅದರ ಹಿಂದೆ ನಿಧಾನವಾಗಿ ಬರೆದ. ಏಳನೇ ಇಯತ್ತೆ ಓದಿದ್ದ ಹೊನ್ನೂರಮ್ಮ ಅಕ್ಷರ ಕೂಡಿಸಿ ಓದಿದಳು.

'ನೀ ದಿನಾ ಹೊಟ್ಟಿನಾಗ ಇರಾಕಿ. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ. ಗೊತ್ತಿದ್ದೂ ಕೊಟ್ಟದ್ದು ವಾಪಸ್ ಕೇಳಿದಿ ಅಂದ್ರ ನಾನು ಬ್ಯಾಡ ಅಂತ ಅರ್ಥ ಮಾಡಿಕೊಂಡೆ. ಆ ಸೋಮವಾರ ಹೆಣ್ಣು ಕೇಳಾಕ ಅವ್ವನ್ನ ನಿಮ್ಮನಿಗೆ ಕಳಸಾವಿದ್ದೆ.'

ಚೀಟಿ ಕಣ್ಣೀರಿಗೆ ಒದ್ದೆಯಾಯಿತು. ಹೊನ್ನೂರಮ್ಮ ತನ್ನ ಕೊರಳಿಂದ ಪಟ್ಟಿ ಬಿಚ್ಚಿ, ಅವನ ಕೊರಳಿಗೆ ಸುತ್ತಿ, ಮೊದಲ ಗುಂಡಿ ಹಾಕಿದಳು. ಎರಡನೆಯದರ ಹುರಿಯ ಮೇಲೆ ಬೆರಳು ನಿಂತವು. ಅವನು ಆ ಬೆರಳುಗಳ ಮೇಲೆ ತನ್ನ ಕೈ ಇಟ್ಟು ತಾನೇ ಹಾಕಿಕೊಂಡ.

"ನಿಮ್ಮ ದನಿ ನನ್ನಿಂದ ಹೋತು," ಎಂದಳು.

ಅವನು ತಲೆ ಅಲ್ಲಾಡಿಸಿದ. ಆಮೇಲೆ, ಡಾಕ್ಟರ ಮಾತು ಮೀರಿ, ಬರೀ ಉಸಿರಿನಲ್ಲಿ ಅಂದ:

"ಕೂಗು ಹೋತು. ಇಷ್ಟು ಐತಿ."

"ಇಷ್ಟು ಯಾರಿಗೆ ಕೇಳಸ್ತೈತ್ರಿ?"

"ಹತ್ರ ಇದ್ದೋರಿಗೆ."

"ಹಂಗಾರ ಹತ್ರನ ಇರ್ತೀನಿ," ಎಂದಳು ಹೊನ್ನೂರಮ್ಮ.

ಅವನು ನಕ್ಕ. ದನಿಯಿಲ್ಲದ ನಗು. ಬಾಗಿಲಲ್ಲಿ ಅಂಜಿನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಚಾ ಇಡ್ತೀನಿ, ಕೂಡ್ರವ್ವ," ಎಂದು ಒಳಗೆ ಹೋದಳು.

ಬೇಸಿಗೆಯಲ್ಲಿ ಮದುವೆಯಾಯಿತು. ಹುಲುಗೇಶ ಅದೇ ಅಂಗಡಿಯಲ್ಲಿ ತಕ್ಕಡಿಗೆ ತೂಕದ ಕಲ್ಲು ಇಡುವ ಕೆಲಸಕ್ಕೆ ಸೇರಿದ. ಮೊದಲು ತಿಂಗಳಿಗೆ ಒಂಬೈನೂರು ಬರುತ್ತಿತ್ತು, ಈಗ ಆರುನೂರು. ಯಾರ್ಡಿನ ಆ ತುದಿಯವರೆಗೆ ಕೇಳುತ್ತಿದ್ದ ದನಿ ಮತ್ತೆ ಬರಲೇ ಇಲ್ಲ. ಅದು ಹೋದದ್ದು ತನ್ನ ತಪ್ಪಿನಿಂದ ಎಂಬುದನ್ನು ಹೊನ್ನೂರಮ್ಮ ಯಾರ ಮುಂದೆಯೂ ಮುಚ್ಚಿಡಲಿಲ್ಲ.

ದನಿ ಹೋಯಿತು. ಅವನು ಉಳಿದ.