ಸೇಬು ಮೆತ್ತಗಾದ ವಾರ

"ಹೆಬ್ಬೆರಳು ತೆಗೀರಿ ಮೇಡಂ! ಅದು ಸೇಬು, ನಾದೋ ಹಿಟ್ಟಲ್ಲ!"

ಹಣ್ಣಿನ ಮಾರುಕಟ್ಟೆಯ ಗದ್ದಲದಲ್ಲೂ ಆ ದನಿಗೆ ಅವಳ ಕೈ ಥಟ್ಟನೆ ನಿಂತಿತು. ತಲೆ ಎತ್ತಿದಳು. ಪೆಟ್ಟಿಗೆಗಳ ಆಚೆ ಒಬ್ಬ ಎತ್ತರದ ವ್ಯಾಪಾರಿ, ಸೊಂಟದ ಮೇಲೆ ಕೈ, ಹುಬ್ಬು ಗಂಟು.

ಅಬ್ಬಾ, ಏನು ಗತ್ತು! ಹಣ್ಣು ಮಾರ್ತಿದ್ದಾನೋ, ವಜ್ರ ಮಾರ್ತಿದ್ದಾನೋ?

ಅವಳೇನು ಸುಮ್ಮನೆ ಬಿಡುವವಳೇ? ಎರಡು ಬೀದಿ ಆಚೆ ಸ್ವಂತ ಬೇಕರಿ ನಡೆಸುವವಳು. ನಾಲ್ಕು ಜನ ಕೆಲಸದವರನ್ನು ಬರೀ ಕಣ್ಣಲ್ಲೇ ಓಡಾಡಿಸುವವಳು.

"ಒತ್ತಿ ನೋಡದೆ ಗಟ್ಟಿ ಇದೆಯೋ ಇಲ್ವೋ ಹೇಗ್ರೀ ಗೊತ್ತಾಗುತ್ತೆ?"

"ನೀವು ಒತ್ತಿದ ಜಾಗ ನಾಳೆ ಕಪ್ಪಾಗುತ್ತೆ. ಆಮೇಲೆ ಯಾರು ತಗೋತಾರೆ, ನಿಮ್ಮ ಮಾವನಾ?"

"ನನಗಿನ್ನೂ ಮಾವ ಇಲ್ಲ!"

ಅಂದವಳು ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಇದನ್ನ ಯಾರು ಕೇಳಿದ್ರು! ಅವನ ಹುಬ್ಬಿನ ಗಂಟು ಸಡಿಲವಾಗಿ ನಗು ಮೂಡಿತು.

ಒಂದು ಸೇಬು ಎತ್ತಿ ಅವಳ ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಮೆಲ್ಲಗೆ ಬಡಿದ. "ಟಕ್ ಅಂತ ಕೇಳ್ತಲ್ಲ, ಅದು ಗಟ್ಟಿ. ಬೊದ್ದ ಅಂದ್ರೆ ಒಳಗೆ ಮೆತ್ತಗಾಗಿದೆ ಅಂತ. ಕೈಯಲ್ಲಿ ತೂಕವಾಗಿರ್ಬೇಕು, ಸಿಪ್ಪೆ ಬಿಗಿಯಾಗಿರ್ಬೇಕು. ತಗೊಳ್ಳಿ, ತಿಂದು ನೋಡಿ."

ಕರಕ್! ರಸ ಮುಂಗೈವರೆಗೂ ಇಳಿಯಿತು. ಅವಳ ಬಾಯಿ ಕಟ್ಟಿತು. ಹಣ್ಣಿನಿಂದಲೋ, ಅವನ ನಗುವಿನಿಂದಲೋ, ಅವಳನ್ನೇ ಕೇಳಿ!

ಮಾರುಕಟ್ಟೆಯವರು ಅವನನ್ನು ಕಿವಿರಾಯ ಎನ್ನುತ್ತಿದ್ದರು. ಅವನ ಕಿವಿ ದಾಟಿ ಬಂದ ಹಣ್ಣು ಎಂದೂ ಸುಳ್ಳಾಗಿರಲಿಲ್ಲ. ಅಂದಿನಿಂದ ಅವಳ ಬೇಕರಿಗೆ ಸೇಬು ಅವನಲ್ಲಿಂದಲೇ. ಪೆಟ್ಟಿಗೆ ಇಳಿಸಲು ಅವನೇ ಬರುತ್ತಿದ್ದ, ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ನಿಲ್ಲುತ್ತಿದ್ದ.

"ಈ ಜಾತಿ ಸೇಬು ಬೆಂದ್ರೂ ಹೋಳು ಕರಗಲ್ಲ" ಎಂದು ಅವಳು ಖುಷಿಯಿಂದ ತೋರಿಸುತ್ತಿದ್ದಳು. ಅರ್ಧ ಬೆರಳು ದಪ್ಪದ ಹೋಳು, ಸಕ್ಕರೆ, ನಿಂಬೆರಸ, ಚಕ್ಕೆಪುಡಿ. ಅರ್ಧ ಗಂಟೆ ಬಿಟ್ಟರೆ ರಸ ಬಿಡುತ್ತದೆ. ಆ ರಸವನ್ನು ಬೇರೆ ಕುದಿಸಿ, ಗಟ್ಟಿ ಮಾಡಿ, ಮತ್ತೆ ಹೋಳಿನ ಮೇಲೆ ಸುರಿದರೆ ಅವಳ ಆಪಲ್ ಪೈನ ತಳ ಒದ್ದೆಯಾಗುತ್ತಿರಲಿಲ್ಲ.

"ಇಡೋದು ಮಾತ್ರ ಫ್ರಿಜ್ಜಲ್ಲೇ" ಎನ್ನುತ್ತಿದ್ದ ಅವನು. "ಹೊರಗಿಟ್ರೆ ವಾರಕ್ಕೇ ಸೊರಗುತ್ತೆ. ಬಾಳೆಹಣ್ಣಿನ ಸಹವಾಸ ಅಂತೂ ಬೇಡವೇ ಬೇಡ, ಅದರ ಗಾಳಿಗೇ ಸೇಬು ಮೆತ್ತಗಾಗುತ್ತೆ."

ಒಂದು ಸೋಮವಾರ ಅವನು ಪೆಟ್ಟಿಗೆ ಇಳಿಸಿದ ಮೇಲೂ ಹೋಗದೆ ನಿಂತ.

"ಬರೋ ಭಾನುವಾರ ನಿಮ್ಮ ಚಿಕ್ಕಮ್ಮನ ಹತ್ರ ಬರ್ಲಾ?"

"ಚಿಕ್ಕಮ್ಮನ ಹತ್ರ ಏನು ಕೆಲಸ?"

"ಕೇಳೋಕೆ… ನಿಮ್ಮನ್ನ."

ಅವಳನ್ನು ಸಾಕಿದವಳು ಚಿಕ್ಕಮ್ಮ. ಬೇಕರಿಯ ಸ್ಟೋರ್ ರೂಮು, ಫ್ರಿಜ್ಜು ಎಲ್ಲ ಆಕೆಯದೇ ಉಸ್ತುವಾರಿ. "ಬನ್ನಿ" ಎಂದಳು.

ಆದರೆ ಭಾನುವಾರಕ್ಕೆ ಮುಂಚೆ ಗುರುವಾರ ಬಂತಲ್ಲ!

ಶಾಲೆಯೊಂದಕ್ಕೆ ನಲವತ್ತು ಪೈ ಕೊಡಬೇಕಿತ್ತು. ಅದಕ್ಕೆಂದೇ ಎರಡು ವಾರ ಮುಂಚೆ ತರಿಸಿಟ್ಟ ಪೆಟ್ಟಿಗೆಯನ್ನು ಫ್ರಿಜ್ಜಿನಿಂದ ತೆಗೆದಳು. ಕೆಲಸದ ಹುಡುಗಿಯರು ಹಣ್ಣು ಹೆಚ್ಚಿದರು, ಅವಳು ಹಿಟ್ಟು ಲಟ್ಟಿಸಿದಳು. ಬೆಂದ ಮೇಲೆ ಒಂದನ್ನು ಕತ್ತರಿಸಿ ನೋಡಿದರೆ… ಒಳಗೆ ಹೋಳೇ ಇಲ್ಲ, ಬರೀ ಮುದ್ದೆ! ಎರಡನೆಯದು? ಅದೂ ಹಾಗೇ. ಅವಸರದಲ್ಲಿ ಕೇಕು ಮಾಡಿ ಕಳಿಸಿ ಮಾನ ಉಳಿಸಿಕೊಂಡಳು. ಉಳಿದ ಸೇಬನ್ನು ಬಡಿದು ನೋಡಿದರೆ ಬೊದ್ದ ಬೊದ್ದ ಸದ್ದು! ಅವಳಿಗೆ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಹೊತ್ತು ಮಾರುಕಟ್ಟೆಗೆ ನಡೆದಳು. ಹಿಂದೆ ಚಿಕ್ಕಮ್ಮ ಓಡೋಡಿ ಬಂದಳು.

"ನಂಬಿದವಳಿಗೇ ಹಳೇ ಮಾಲು ಕೊಟ್ರಲ್ಲ!"

ಇಡೀ ಮಾರುಕಟ್ಟೆ ತಿರುಗಿ ನೋಡಿತು. ಅವನು ಒಂದು ಸೇಬು ಎತ್ತಿ ಬಡಿದ. ಮೂಸಿದ. ಅವಳನ್ನು ನೋಡಿದ, ಅವಳ ಹಿಂದೆ ಚೀಲದ ಹಿಡಿ ತಿರುಚುತ್ತಾ ನಿಂತಿದ್ದ ಚಿಕ್ಕಮ್ಮನನ್ನು ನೋಡಿದ.

"ಒಂದು ನಿಮಿಷ, ನಾನು…"

"ಏನೂ ಹೇಳ್ಬೇಡಿ! ಹಳೇದು ಹೌದೋ ಅಲ್ವೋ?"

ಅವನು ಸೇಬನ್ನು ಪೆಟ್ಟಿಗೆಗೇ ವಾಪಸ್ ಇಟ್ಟ. "ಪೆಟ್ಟಿಗೆ ಇಲ್ಲೇ ಇಡಿ. ಬೇರೆ ಕೊಡ್ತೀನಿ."

"ನಿಮ್ಮ ಹಣ್ಣೂ ಬೇಡ, ಭಾನುವಾರ ನೀವು ಬರೋದೂ ಬೇಡ!"

ಪಕ್ಕದಲ್ಲಿ ಹಣ್ಣು ಆರಿಸುತ್ತಿದ್ದ ಇಬ್ಬರು ಗಿರಾಕಿಗಳು ಕೈಲಿದ್ದುದನ್ನು ವಾಪಸ್ ಇಟ್ಟು ನಡೆದರು. ಅವನು ಅದನ್ನೂ ನೋಡುತ್ತಾ ನಿಂತ.

ಶನಿವಾರ ಅವಳು ಫ್ರಿಜ್ ಒರೆಸುತ್ತಿದ್ದಾಗ ಕೆಳಗಿನ ಡ್ರಾಯರಿನಲ್ಲಿ ಆರು ಸೇಬು ಸಿಕ್ಕವು. ತನಗೆ ತಿನ್ನಲೆಂದು ಅದೇ ಪೆಟ್ಟಿಗೆಯಿಂದ, ಅದು ಬಂದ ದಿನವೇ ತೆಗೆದಿಟ್ಟವು. ಒಂದನ್ನು ಕಚ್ಚಿದಳು.

ಕರಕ್!

ಒಂದೇ ಪೆಟ್ಟಿಗೆ… ಹಾಗಾದರೆ?

"ಚಿಕ್ಕಮ್ಮಾ!"

ಚಿಕ್ಕಮ್ಮ ಬಾಗಿಲಲ್ಲೇ ಅಳಲು ಶುರು ಮಾಡಿದ್ದಳು. "ಬೆಣ್ಣೆ ಜಾಸ್ತಿ ಬಂದಿತ್ತು ಕಣೇ, ಜಾಗ ಇರ್ಲಿಲ್ಲ. ಪೆಟ್ಟಿಗೆ ತೆಗೆದು ಓವನ್ ಪಕ್ಕದ ಕಪಾಟಲ್ಲಿ, ಬಾಳೆಗೊನೆ ಕೆಳಗೆ ಇಟ್ಟೆ. ಹತ್ತು ದಿನ! ಬುಧವಾರ ನೆನಪಾಗಿ ವಾಪಸ್ ಇಟ್ಟೆ. ಮೇಲೆ ನೋಡೋಕೆ ಚೆನ್ನಾಗೇ ಇತ್ತು…"

"ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ನಿನ್ನ ಕೋಪ ನೋಡಿ ಹೆದರಿಬಿಟ್ಟೆ. ಆದ್ರೆ ಅವನಿಗೆ ಗೊತ್ತಾಯ್ತು. ಬಾಳೆಹಣ್ಣಿನ ವಾಸನೆ ಮೂಸಿದ ತಕ್ಷಣ ನನ್ನ ಮುಖ ನೋಡ್ದ. ನನ್ನ ಮಾನ ಕಾಯೋಕೆ ತಪ್ಪು ತನ್ನ ಮೇಲೆ ಹಾಕ್ಕೊಂಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ?"

ಅವಳು ಕೈಲಿದ್ದ ಸೇಬನ್ನೇ ನೋಡಿದಳು. ಎಂಥ ಮನುಷ್ಯನನ್ನು ಬೇಡ ಅಂದೆ ನಾನು! ಅವನಿನ್ನು ನನ್ನ ಮುಖ ನೋಡ್ತಾನಾ?

ನೋಡಲಿ, ಬಿಡಲಿ. ಕ್ಷಮೆ ಕೇಳದೆ ಇರುವ ಜಾಯಮಾನ ಅವಳದಲ್ಲ. ಭಾನುವಾರ ಬೆಳಗ್ಗೆ, ಮಾರುಕಟ್ಟೆ ಕಿಕ್ಕಿರಿದಿರುವ ಹೊತ್ತಿಗೆ ಸರಿಯಾಗಿ, ಅವನ ಅಂಗಡಿ ಮುಂದೆ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಹತ್ತಿ ನಿಂತಳು.

"ಎಲ್ರೂ ಸ್ವಲ್ಪ ಕೇಳಿ! ಇವರ ಹಣ್ಣು ಹಳೇದು ಅಂತ ಗುರುವಾರ ಕೂಗಾಡಿದವಳು ನಾನೇ. ತಪ್ಪು ನಮ್ಮ ಬೇಕರೀದು. ಫ್ರಿಜ್ಜಲ್ಲಿಡೋ ಹಣ್ಣನ್ನ ಓವನ್ ಪಕ್ಕ ಇಟ್ಟಿದ್ವಿ!"

"ಇಟ್ಟವಳು ನಾನು!" ಎಂದು ಚಿಕ್ಕಮ್ಮ ಕೈ ಎತ್ತಿದಳು.

ಜನ ಗೊಳ್ಳೆಂದು ನಕ್ಕರು. ಅವನು ಮಾತ್ರ ನಗಲಿಲ್ಲ. "ಇಳೀರಿ ಮೇಡಂ. ಮೂಲೇಲಿ ಬಂದು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಬೈದಿದ್ದು ಸಂತೇಲಿ, ಕ್ಷಮೆ ಕೇಳೋದು ಮೂಲೇಲಾ? ನನಗದು ಬರಲ್ಲ." ಇಳಿದಳು. "ನನ್ನ ಮೇಲೆ ಕೋಪಾನಾ?"

"ಕೋಪ ಹೋಯ್ತು. ನೋವಿದೆ. ಹಣ್ಣಿನ ವಿಷಯ ಬಿಡಿ… ನೀವು ನನ್ನ ಒಂದು ಮಾತೂ ಕೇಳ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ನಿಜ. ಕೇಳ್ಲಿಲ್ಲ. ನೀವು ಬರೋದು ಬೇಡ ಅಂದಿದ್ದೆ, ಅದಕ್ಕೆ ನಾನೇ ಬಂದೆ, ಚಿಕ್ಕಮ್ಮನ್ನೂ ಕರ್ಕೊಂಡು. ನನಗೆ ನೀವು ಬೇಕು. ನಿಮಗೆ ನಾನು ಬೇಡ ಅಂದ್ರೆ ಹೇಳಿಬಿಡಿ, ತಡ್ಕೋತೀನಿ." ಪೆಟ್ಟಿಗೆಯ ಮೇಲೆ ಕೂತಳು. "ಈ ಸಲ ನೀವು ಹೇಳಿ ಮುಗಿಸೋವರೆಗೂ ನಾನು ಬಾಯಿ ತೆರೆಯಲ್ಲ."

ಅವನು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಪೆಟ್ಟಿಗೆ ಎಳೆದು ಅವಳ ಎದುರು ಕೂತ. ಗಿರಾಕಿಗಳು ಕಾಯುತ್ತಿದ್ದರು. ಕಾಯಲಿ!

"ಹೇಳೋದು ಒಂದೇ ಇದೆ. ನಿಮ್ಮನ್ನ ಪ್ರೀತಿಸ್ತೀನಿ. ಮೊನ್ನೆ ನೀವು ಬೈತಿದ್ದಾಗಲೂ ಪ್ರೀತಿಸ್ತಾನೇ ಇದ್ದೆ."

ಅವಳು ಮಾತು ಕೊಟ್ಟಂತೆ ಬಾಯಿ ತೆರೆಯಲಿಲ್ಲ. ಕಣ್ಣೀರು ಮಾತ್ರ ಇಳಿಯುತ್ತಲೇ ಇತ್ತು.

"ಮುಗೀತು ರೀ… ಈಗ ಮಾತಾಡ್ಬಹುದು."

"ಇಷ್ಟೇನಾ?" ಅಳುವಿನ ನಡುವೆಯೇ ನಕ್ಕಳು. "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ನೀವು ಮಾತಾಡೋಕೆ ಬಿಟ್ರೆ ತಾನೇ!"